ಬರೋ ಹಲ್ಲಿಗೊಂದು ಟವೆಲ್ಲು

ನಮ್ಮ ಸೋದರಮಾವನಷ್ಟು ಸೀಟು ಹಿಡಿದವರು ಇಡೀ ದಾವಣಗೆರೆ ಜಿಲ್ಲೆಯಲ್ಲಿ ಇನ್ನೊಬ್ಬರಿಲ್ಲ. ಚುನಾವಣೆಗೆ ನಿಲ್ಲುವವರನ್ನೂ ಸೇರಿಸಿಯೇ ಹೇಳುತ್ತಿದ್ದೇನೆ! ಆದರೆ ಹಾಗೆ ಹಿಡಿದ ಸೀಟಿನಲ್ಲಿ ಅವರು ಒಂದು ದಿನವಾದರೂ ಕೂತದ್ದನ್ನು ನಾನು ನೋಡಿಲ್ಲ. 'ನೋಡಿಲ್ಲ' ಎಂದು ಬರೆದ ಮೇಲೆ ಅನುಮಾನ ಬಂತು. ನೋಡಿ ಮರೆತಿದ್ದರೆ? ನನ್ನ ನೆನಪನ್ನು ನಾನು ಅಷ್ಟಾಗಿ ನಂಬುವುದಿಲ್ಲ, ಅದಕ್ಕೇ ಡೈರಿ ಬರೆಯುತ್ತೇನೆ. ಹಳೆಯ ಡೈರಿಗಳನ್ನೆಲ್ಲ ಕೆಳಗಿಳಿಸಿ ಹುಡುಕಿದೆ. ಕೂತಿದ್ದಾರೆ. ಒಂದೇ ಒಂದು ಸಲ. ಅದನ್ನು ಆಮೇಲೆ ಹೇಳುತ್ತೇನೆ.

ಮಾವ ಖಾಸಗಿ ಬಸ್ಸಿನ ಕಂಡಕ್ಟರ್ ಆಗಿದ್ದವರು. ಶಿವಮೊಗ್ಗದಿಂದ ಹೊರಟು ಸವಳಂಗ, ನ್ಯಾಮತಿ, ಹೊನ್ನಾಳಿ ಮೇಲೆ ಹರಿಹರಕ್ಕೆ ಹೋಗುವ ಬಸ್ಸು. ಮೂವತ್ತೆರಡು ವರ್ಷ ಕೆಲಸ ಮಾಡಿದೆ ಎಂದು ಅವರು ಹೇಳುತ್ತಾರೆ. ಇಪ್ಪತ್ತೆಂಟು ಎಂದು ಅವರ ಅಕ್ಕ, ಅಂದರೆ ನನ್ನ ಅಮ್ಮ. ನಾನು ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುವವಳು. ಇಬ್ಬರು ಸಾಕ್ಷಿಗಳು ಒಂದೇ ಮಾತು ಹೇಳಿದರೆ ಸಂಶಯ ಪಡಬೇಕು ಎಂದು ಎಂ.ಎ.ಯಲ್ಲಿ ನಮಗೆ ಹೇಳಿಕೊಟ್ಟಿದ್ದರು. ಈ ಅಕ್ಕ-ತಮ್ಮನ ವಿಷಯದಲ್ಲಿ ಆ ತೊಂದರೆ ಈವರೆಗೆ ಬಂದಿಲ್ಲ.

ಕಂಡಕ್ಟರ್ ಎಂದರೆ ನಿಂತೇ ಊರು ಸುತ್ತುವವನು. ರಿಟೈರಾದ ಮೇಲೂ ಮಾವನಿಗೆ ಕೂರುವುದು ರೂಢಿಯಾಗಲಿಲ್ಲ. ನ್ಯಾಮತಿಯ ನಮ್ಮ ಮನೆಯಲ್ಲಿ ಕುರ್ಚಿ ಖಾಲಿ ಇದ್ದರೂ ಬಾಗಿಲ ಚೌಕಟ್ಟಿಗೆ ಬೆನ್ನು ಕೊಟ್ಟು ನಿಂತು, ಒಂದು ಕೈಯಲ್ಲಿ ಮೇಲಿನ ಕಂಬಿ ಹಿಡಿದವರಂತೆ ಚಿಲಕ ಹಿಡಿದು, ಇನ್ನೊಂದು ಕೈಯಲ್ಲಿ ಕಾಫಿ ಕುಡಿಯುತ್ತಾರೆ. ಮನೆ ತಿರುವಿನಲ್ಲಿ ಬಂದರೆ ಬೀಳಬಾರದಲ್ಲ!

ಆದರೆ ಬೇರೆಯವರಿಗೆ ಜಾಗ ಹಿಡಿಯುವುದಿದೆಯಲ್ಲ, ಅದು ಅವರಿಗೆ ವ್ರತ. ನಮ್ಮ ಕಡೆ ಬಸ್ಸು ನಿಲ್ಲುವ ಮೊದಲೇ ಅದರ ಜೊತೆ ಓಡುತ್ತ ಕಿಟಕಿಯೊಳಗೆ ಟವೆಲ್ ಎಸೆಯುತ್ತಾರೆ. ಬಿದ್ದ ಸೀಟು ನಮ್ಮದು. ನನ್ನ ಟವೆಲ್ ಮೊದಲು ಬಿತ್ತು, ನಿನ್ನದು ಜಾರಿತು ಎಂಬ ಜಗಳಗಳಿಗೆಲ್ಲ ನ್ಯಾಯ ಹೇಳಬೇಕಾದವನು ಕಂಡಕ್ಟರ್. ಅಷ್ಟು ವರ್ಷ ತೀರ್ಪು ಕೊಟ್ಟೂ ಕೊಟ್ಟೂ ಮಾವ ಒಂದು ಕಾನೂನನ್ನೇ ಕಟ್ಟಿಕೊಂಡಿದ್ದಾರೆ. ಕರ್ಚೀಫು ಟವೆಲ್ಲಿಗಿಂತ ಕೆಳಗೆ. ಪೇಪರಿಗೆ ಬೆಲೆಯಿಲ್ಲ, ಗಾಳಿಗೆ ಹಾರುತ್ತದೆ. ಬ್ಯಾಗು ಇಟ್ಟರೆ ಅರ್ಧ ಹಕ್ಕು. ಕಿಟಕಿಯಿಂದ ಮಗುವನ್ನೇ ಇಳಿಸಿಬಿಟ್ಟರೆ ಅದು ಸುಪ್ರೀಂ ಕೋರ್ಟು, ಮೇಲ್ಮನವಿ ಇಲ್ಲ! ಎಲ್ಲಕ್ಕಿಂತ ಮುಖ್ಯವಾದ ಕಲಂ ಇದು: "ಟವೆಲ್ ಹಾಕಿದೋನು ಬಂದೇ ಬರ್ತಾನೆ ಅಂತ ನಂಬ್ಬೇಕು. ಅವನು ಬರೋತನಕ ಪಕ್ಕದೋನು ಆ ಕಡೆ ವಾಲಂಗಿಲ್ಲ."

ಚನ್ನಗಿರಿಯಲ್ಲಿ ನೆಂಟರ ಮದುವೆಯೊಂದಕ್ಕೆ ಹೋಗಿದ್ದೆವು. ಊಟದ ಪಂಕ್ತಿಯಲ್ಲಿ ಮಾವ ನಮಗಾಗಿ ಹನ್ನೊಂದು ಜಾಗ ಹಿಡಿದಿದ್ದರು ಎಂದು ನನ್ನ ನೆನಪು. ಡೈರಿ ಏಳು ಅನ್ನುತ್ತದೆ. ಹನ್ನೊಂದೇ ಚೆನ್ನಾಗಿದೆ, ಇರಲಿ. ಹೆಗಲ ಮೇಲಿನ ಟವೆಲ್ ಒಂದಕ್ಕೇ ಆಯಿತು. ಉಳಿದ ಕುರ್ಚಿಗಳ ಮೇಲೆ ಕರ್ಚೀಫು, ಕನ್ನಡಕದ ಡಬ್ಬಿ, ಅಮ್ಮನ ಎಲೆಅಡಿಕೆ ಚೀಲ, ನನ್ನ ಗಂಡನ ಹೆಲ್ಮೆಟ್ಟು. ನಾವು ಮದುಮಕ್ಕಳ ಜೊತೆ ಫೋಟೋಕ್ಕೆ ನಿಂತು ತಡವಾಯಿತು. ಬಡಿಸುವವನು ಸಾಲಿನಲ್ಲಿ ಬಂದ.

"ಅಣ್ಣಾ, ಇಲ್ಲಿ ಯಾರೂ ಇಲ್ವಲ್ಲ?"

"ಬರ್ತಾರೆ, ಬಡ್ಸಪ್ಪಾ."

"ಎಲೆ ಮುಂದೆ ಹೆಲ್ಮೆಟ್ ಐತಲ್ರೀ!"

"ಅದು ಉಣ್ಣಲ್ಲ ಅಂತ ನಿಂಗೆ ಹೇಳ್ತಾ? ಬಡ್ಸು!"

ನಾವು ಬಂದು ನೋಡಿದಾಗ ಹೆಲ್ಮೆಟ್ಟಿಗೆ ಎರಡು ಹೋಳಿಗೆ ಬಿದ್ದು, ಮೇಲೆ ತುಪ್ಪವೂ ಆಗಿತ್ತು. ಮಾವ ಮಾತ್ರ ಎಲ್ಲರೂ ಎದ್ದ ಮೇಲೆ ಅಡುಗೆಯವರ ಜೊತೆ ಕೊಪ್ಪರಿಗೆ ಪಕ್ಕ ನಿಂತು ಉಂಡರು.

ಇಂಥ ಮನುಷ್ಯನಿಗೆ ಒಂದು ಕೆಟ್ಟ ಚಾಳಿಯಿತ್ತು: ಪೆಪ್ಪರ್‌ಮೆಂಟು. ತಿನ್ನುವುದಲ್ಲ, ಹಂಚುವುದು. ಬಸ್ಸಿನಲ್ಲಿ ಅಳುವ ಮಕ್ಕಳಿಗೆಂದು ಚರ್ಮದ ಚೀಲದ ಮೂಲೆಯಲ್ಲಿ ಯಾವಾಗಲೂ ಒಂದಷ್ಟು ಇಟ್ಟಿರುತ್ತಿದ್ದರು. ರಿಟೈರಾದ ಮೇಲೆ ಚೀಲವೂ ಉಳಿಯಿತು, ಪೆಪ್ಪರ್‌ಮೆಂಟೂ ಉಳಿಯಿತು, ಅಳುವ ಮಗು ಮಾತ್ರ ಒಂದೇ ಆಯಿತು. ಅದು ನನ್ನ ಮಗಳು ಚಿನ್ನಿ. ಅಷ್ಟೂ ಬಸ್ಸಿನ ಪಾಲು ಇವಳೊಬ್ಬಳಿಗೆ! ಅತ್ತರೆ ಪೆಪ್ಪರ್‌ಮೆಂಟು ಸಿಗುತ್ತದೆಂದು ತಿಳಿದ ಮೇಲೆ ಯಾವ ಮಗು ತಾನೇ ನಗುತ್ತದೆ ಹೇಳಿ? ಅವಳು ಬೆಳಿಗ್ಗೆ ಒಂದು ಟ್ರಿಪ್ಪು, ಸಂಜೆ ಎರಡು ಟ್ರಿಪ್ಪು ಟೈಮಿಗೆ ಸರಿಯಾಗಿ ಅಳತೊಡಗಿದಳು. ನಾನು ಬೇಡವೆಂದು ಗಟ್ಟಿಯಾಗಿ ಹೇಳುತ್ತಿದ್ದೆ ಎಂದು ನನ್ನ ನೆನಪು. ಡೈರಿಯಲ್ಲಿ ಅಂಥದ್ದೇನೂ ಬರೆದಿಲ್ಲ.

ಆರೂವರೆ ವರ್ಷಕ್ಕೆ ಚಿನ್ನಿಯ ಕೆಳಗಿನ ದವಡೆ ಹಲ್ಲೊಂದು ಹುಳುಕು ಹಿಡಿದು ಕರಗಿಹೋಯಿತು. ಕೆನ್ನೆ ಬನ್ನಿನಂತೆ ಊದಿತು. ನ್ಯಾಮತಿಯಿಂದ ಹೊನ್ನಾಳಿಗೆ ಬಸ್ಸು ಹತ್ತಿದೆವು. ನಾನು, ಅಮ್ಮ, ಚಿನ್ನಿ, ಮತ್ತು ನಿಂತುಕೊಂಡು ಮಾವ. ಹಲ್ಲಿನ ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ಊತ ಇಳಿಸಿ, ಇನ್ನೊಂದು ದಿನ ಕರೆದು, ಹಲ್ಲು ಕಿತ್ತರು. ಇನ್ನೇನು ಹೊರಡಬೇಕು ಅನ್ನುವಾಗ ತಡೆದರು.

"ಈ ಹಲ್ಲು ಬೀಳಬೇಕಾಗಿದ್ದು ಹತ್ತು ವರ್ಷದ ಹೊತ್ತಿಗೆ. ಈಗಲೇ ಹೋಯ್ತು. ಜಾಗ ಖಾಲಿ ಬಿಟ್ರೆ ಆಚೀಚೆ ಹಲ್ಲು ಸರಿದು ಬಂದುಬಿಡ್ತವೆ. ಆಮೇಲೆ ಹೊಸ ಹಲ್ಲಿಗೆ ಜಾಗ ಸಾಲಲ್ಲ, ಸೊಟ್ಟಗೆ ಬರುತ್ತೆ, ಇಲ್ಲಾ ಒಳಗೇ ಸಿಕ್ಕಿಹಾಕ್ಕೊಳುತ್ತೆ. ಅದಕ್ಕೆ ಸ್ಪೇಸ್ ಮೇಂಟೇನರ್ ಹಾಕ್ಬೇಕು."

ನಾನು ಓದಿದವಳು. ಅರ್ಥವಾಗದಿದ್ದರೂ ತಲೆ ಆಡಿಸಿದೆ. ಅಮ್ಮ ಓದಿದವಳಲ್ಲ, "ಹಾಲುಹಲ್ಲು ತಾನೇ, ಹೋದ್ರೆ ಹೋಗ್ಲಿ ಬಿಡ್ರಿ" ಎಂದಳು. ಡಾಕ್ಟರು ಮೂರು ಸಲ ಕುರ್ಚಿ ತೋರಿಸಿದರೂ ಗೋಡೆಗೆ ಒರಗಿ ನಿಂತಿದ್ದ ಮಾವ ಮುಂದೆ ಬಂದರು.

"ಡಾಕ್ಟ್ರೇ, ಒಂದ್ ಮಾತು. ಸೀಟಿನೋರು ಇನ್ನೂ ಬಂದಿಲ್ಲ, ಆದ್ರೆ ಬರೋದು ಗ್ಯಾರಂಟಿ. ಪಕ್ಕದೋರು ಈಗಲೇ ಕಾಲು ಚಾಚಾಕೆ ನೋಡ್ತಾವ್ರೆ. ಇಷ್ಟೇ ತಾನೇ?"

"ಹೌದು… ಒಂಥರಾ ಹಂಗೇ."

"ಅಂದ್ರೆ ಟವೆಲ್ ಹಾಕ್ಬೇಕು ಅನ್ರಿ! ಅದಕ್ಕೆ ಇಷ್ಟೊಂದು ಇಂಗ್ಲಿಷ್ ಯಾಕೆ?"

ಡಾಕ್ಟರು ಮಾಸ್ಕಿನೊಳಗೇ ನಕ್ಕುಬಿಟ್ಟರು. ಈಗ ಅವರು ಎಲ್ಲ ಪೇಷಂಟುಗಳಿಗೂ 'ಟವೆಲ್ ಹಾಕೋಣ' ಅಂತಲೇ ಹೇಳುತ್ತಾರಂತೆ.

"ಎಷ್ಟೊತ್ತು ಹಿಡೀಬೇಕು ಸೀಟು?" ಎಂದರು ಮಾವ.

"ಮೂರೂವರೆ ವರ್ಷ, ನಾಲ್ಕು ವರ್ಷ."

ಮಾವನ ಬಾಯಿ ತೆರೆದೇ ಉಳಿಯಿತು. ಅವರ ಸರ್ವೀಸಿನಲ್ಲಿ ಅತಿ ದೀರ್ಘ ಟವೆಲ್ ಎಂದರೆ ಸವಳಂಗದಿಂದ ಹೊನ್ನಾಳಿವರೆಗಿನದು. ಆಮೇಲೆ ದನಿ ತಗ್ಗಿಸಿ ಕೇಳಿದರು: "ಪೆಪ್ಪರ್‌ಮೆಂಟಿಂದ ಹೋಗಿದ್ದೇನ್ರಿ ಅದು?"

ಡಾಕ್ಟರು ಅವರ ಚೀಲ ನೋಡಿದರು, ನೆಲ ನೋಡಿದರು. "ಅದೊಂದೇ ಕಾರಣ ಅಂತ ಹೇಳಾಕಾಗಲ್ಲ ಅಜ್ಜಾರೆ."

"ಕಂಡಕ್ಟರ್ ಹತ್ರ ಸುಳ್ಳು ಹೇಳಬ್ಯಾಡ್ರಿ ತಾಯಿ. ಟಿಕೆಟ್ ಇಲ್ದೋರೂ ಹಿಂಗೇ ನೆಲ ನೋಡ್ತಾರೆ."

ಬಸ್‌ಸ್ಟ್ಯಾಂಡಿನ ಕಸದ ಡಬ್ಬಿಯ ಮೇಲೆ ಮಾವ ಚೀಲ ಬೋರಲು ಹಾಕಿ ಕೊಡವಿದರು. ಚಿನ್ನಿ ಪದ್ಧತಿಯಂತೆ ಅಳಲು ಶುರು ಮಾಡಿದಳು. ಜೀವನದಲ್ಲಿ ಮೊದಲ ಸಲ ಅವಳ ಅಳುವಿಗೆ ಏನೂ ಸಿಗಲಿಲ್ಲ. ಮಾವ ನನ್ನ ಕಡೆ ತಿರುಗಿ, "ನನ್ನಿಂದ ಎದ್ದು ಹೋದ ಹಲ್ಲು ಕಣವ್ವಾ. ಅಲ್ಲಿ ಕೂರೋರು ಬರೋತನಕ ನಾನೇ ನಿಂತು ಕಾಯ್ತೀನಿ. ಅಷ್ಟರೊಳಗೆ ನಾನು ಇಳಿಯೋ ಸ್ಟಾಪ್ ಬರಬಾರ್ದು, ಅಷ್ಟೇ" ಎಂದರು. ಆಗ ಅವರಿಗೆ ಅರವತ್ತೆಂಟು.

ಬಾಯಿಯ ಅಳತೆ ತೆಗೆದುಕೊಂಡು, ವಾರದ ಮೇಲೆ ಟವೆಲ್ ಹಾಕಿದರು. ಹಿಂದಿನ ಹಲ್ಲಿಗೆ ಸ್ಟೀಲಿನ ಒಂದು ಪುಟ್ಟ ಉಂಗುರ. ಅದರಿಂದ ಹೊರಟು ಮುಂದಿನ ಹಲ್ಲಿಗೆ ತಾಗಿ ನಿಲ್ಲುವ ತಂತಿಯ ಕುಣಿಕೆ. ನಡುವೆ ಖಾಲಿ ಜಾಗ. ಅಂಟಿನ ತಿಂಡಿ, ಗಟ್ಟಿ ತಿಂಡಿ ಕೊಡಬೇಡಿ, ಆರು ತಿಂಗಳಿಗೊಮ್ಮೆ ತೋರಿಸಿ, ಸಡಿಲವಾದರೆ ತಕ್ಷಣ ಬನ್ನಿ ಎಂದರು ಡಾಕ್ಟರು.

"ಇದು ಅಗಿಯಾಕೆ ಬರುತ್ತೇನ್ರಿ?" ಎಂದಳು ಅಮ್ಮ.

"ಇಲ್ಲಮ್ಮ. ಏನೂ ಕೆಲಸ ಮಾಡಲ್ಲ. ಸುಮ್ನೆ ನಿಂತಿರುತ್ತೆ."

"ನಮ್ಮ ತಮ್ಮನಂಗೇ ಅನ್ರಿ."

ಅವತ್ತಿನಿಂದ ನಮ್ಮ ಮನೆಯಲ್ಲಿ ದಿನಕ್ಕೆರಡು ಚೆಕಿಂಗ್. ಮಾವ ಟಾರ್ಚ್ ಹಿಡಿದು, ಬಸ್ಸು ನಿಲ್ಲಿಸುವ ದನಿಯಲ್ಲಿ "ಹೋಲ್ಡಾನ್!" ಎಂದರೆ ಚಿನ್ನಿ ಎಲ್ಲಿದ್ದರೂ ಅಲ್ಲೇ ನಿಂತು ಬಾಯಿ ತೆರೆಯಬೇಕು. ಉಂಗುರ ಭದ್ರ, ಜಾಗ ಖಾಲಿ, ಪಕ್ಕದವರು ನೆಟ್ಟಗೆ ಎಂದು ಖಾತ್ರಿಯಾದ ಮೇಲೆ "ರೈಟ್!" ಒಮ್ಮೆ ಶಾಲೆಯ ಪ್ರಾರ್ಥನೆಯ ಸಾಲಿನಲ್ಲೇ ಚೆಕಿಂಗ್ ಆಯಿತು. ಬೆಳಿಗ್ಗೆ ಮರೆತಿತ್ತಂತೆ! ಅದನ್ನು ನೋಡಿದ ಒಂದನೇ ಕ್ಲಾಸಿನ ಅರ್ಧ ಮಕ್ಕಳು ಮನೆಗೆ ಹೋಗಿ, ನಮಗೂ ಹಲ್ಲು ಕೀಳಿಸಿ ಬೆಳ್ಳಿ ತಂತಿ ಹಾಕಿಸಿ ಎಂದು ಹಟ ಹಿಡಿದರು. ಟೀಚರು ನನ್ನನ್ನು ಕರೆಸಿದರು. ನಾನು ಹೋಗಿ ಕ್ಷಮೆ ಕೇಳಿ ತಿರುಗಿದರೆ, ಮಾವ ಟೀಚರಿಗೇ "ನಿಮ್ದು ಒಂದ್ಸಲ ನೋಡ್ಲೇನ್ರಿ?" ಎನ್ನುತ್ತಿದ್ದರು.

ದೊಡ್ಡವರನ್ನೂ ಬಿಡುತ್ತಿರಲಿಲ್ಲ. ಬಿಳಿಚೋಡಿನಿಂದ ನನ್ನ ಗಂಡನ ದೊಡ್ಡಪ್ಪ ಬಂದಿದ್ದರು. ಎಂಬತ್ತರ ಹಿರಿಯರು, ಆಕಳಿಸಿದರು ಪಾಪ. ಮಾವನ ಟಾರ್ಚು ಒಳಗೆ ಹೋಯಿತು.

"ಏನ್ ಗೌಡ್ರೇ ಇದು! ಕಾಲಕಾಲಕ್ಕೆ ಟವೆಲ್ ಹಾಕಿದ್ರೆ ಹಿಂಗಾಗ್ತಿತ್ತಾ? ಇದ್ದೋರೆಲ್ಲ ಒಬ್ಬರ ಮ್ಯಾಲೊಬ್ಬರು ಬಿದ್ದಾವ್ರೆ!"

ದೊಡ್ಡಪ್ಪ ಬಾಯಿ ಮುಚ್ಚಿ ಶಾಂತವಾಗಿ ಅಂದರು: "ಇನ್ನು ಹತ್ತೋರು ಯಾರೂ ಇಲ್ಲಪ್ಪಾ. ಇಳಿಯೋರೇ ಎಲ್ಲಾ."

ಮೊದಲ ವರ್ಷ ಹೀಗೆ ಸುಗಮವಾಗಿ ಸಾಗಿತು. ಎರಡನೆಯ ವರ್ಷದ ನಾಗರ ಪಂಚಮಿಗೆ ಅಪಘಾತವಾಯಿತು.

ಪಂಚಮಿ ಎಂದರೆ ನಮ್ಮಲ್ಲಿ ಉಂಡೆಗಳ ಹಬ್ಬ. ನನ್ನ ಗಂಡನಿಗೆ ಜಗಳೂರಿನಲ್ಲಿ ಆಫೀಸು, ಆ ಸಲ ರಜೆ ಸಿಕ್ಕಿರಲಿಲ್ಲ. ಅವರಿಗೆ ಉಂಡೆ ಡಬ್ಬಿ ಮುಟ್ಟಿಸಲು ಮಾವ ಬೆಳಿಗ್ಗೆಯೇ ಹೊರಟರು. ಹೊರಡುವಾಗ ಅಮ್ಮನಿಗೆ ಆಜ್ಞೆ: "ಅಕ್ಕಾ, ಚಿನ್ನಿಗೆ ರವೆ ಉಂಡೆ ರೈಟ್. ಶೇಂಗಾ ಉಂಡೆ ಹೋಲ್ಡಾನ್. ಬೆಲ್ಲದ ಪಾಕ ಗಟ್ಟಿ ಐತೆ."

ಮುಂದಿನದ್ದಕ್ಕೆ ನಾನು ಸಾಕ್ಷಿಯಲ್ಲ; ಮಧ್ಯಾಹ್ನದ ನಿದ್ದೆಯಲ್ಲಿದ್ದೆ. ಚಿನ್ನಿಯ ಹೇಳಿಕೆ ಮತ್ತು ಅಮ್ಮನ ಹೇಳಿಕೆ ಎರಡನ್ನೂ ತಾಳೆ ಹಾಕಿ ಬರೆಯುತ್ತಿದ್ದೇನೆ. ಹಬ್ಬದ ದಿನ ಮಗುವಿನ ಬಾಯಿ ಕಟ್ಟಬಾರದೆಂದು ಅಮ್ಮ ಒಂದೇ ಒಂದು ಶೇಂಗಾ ಉಂಡೆ ಕೊಟ್ಟಳು. (ಚಿನ್ನಿಯ ಪ್ರಕಾರ ಮೂರು.) ಉಂಡೆ ಕಚ್ಚಿದ್ದೇ ಉಂಗುರ, ತಂತಿ ಸಮೇತ ಟವೆಲ್ ಕಿತ್ತು ಬಂದು ಬೆಲ್ಲಕ್ಕೆ ಅಂಟಿತು.

ಈಗ ಹೇಳಿ, ಮಗುವಿನ ಬಾಯಿಂದ ಹಲ್ಲು ಬಿದ್ದರೆ ಏನು ಮಾಡಬೇಕು? ಸಗಣಿಯಲ್ಲಿ ಸುತ್ತಿ ಹೆಂಚಿನ ಮೇಲೆ ಎಸೆಯಬೇಕು. ಅಮ್ಮನೂ ಅದನ್ನೇ ಮಾಡಿದಳು! ಪಕ್ಕದ ಮನೆ ಕೊಟ್ಟಿಗೆಯಿಂದ ಸಗಣಿ ತಂದು, ಉಂಗುರವನ್ನು ನಡುವೆ ಇಟ್ಟು ಉಂಡೆ ಕಟ್ಟಿ (ಆ ದಿನ ಕೈಗೆ ಉಂಡೆಯದೇ ಅಭ್ಯಾಸ), ಅಂಗಳದಲ್ಲಿ ನಿಂತು, "ಹಳೇ ಹಲ್ಲು ತಗೋ, ಹೊಸ ಹಲ್ಲು ಕೊಡು" ಎಂದು ಮೊಮ್ಮಗಳಿಂದ ಹೇಳಿಸಿ, ಸೂರಿನ ಮೇಲೆ ಬೀಸಿ ಒಗೆದಳು.

ಸಂಜೆ ಬೆಳಕಿರುವಾಗಲೇ ಮಾವ ಬಂದರು. ಚಪ್ಪಲಿ ಬಿಡುವ ಮೊದಲೇ ಟಾರ್ಚು. ಬಾಯಿ ತೆರೆಸಿದರು. ಟಾರ್ಚು ಒಳಗೆ ಎರಡು ಸುತ್ತು ಹಾಕಿತು. ಆಮೇಲೆ ಬಂತು ನೋಡಿ ಒಂದು "ಹೋಲ್ಡಾನ್!" ಬೀದಿಯಲ್ಲಿ ಹೋಗುತ್ತಿದ್ದ ಎರಡು ಬೈಕು ನಿಂತವು.

"ಟವೆಲ್ ಎಲ್ಲಿ?"

"ಹೆಂಚಿನ ಮ್ಯಾಲೆ" ಎಂದಳು ಚಿನ್ನಿ.

"ಯಾರು ಹಾಕಿದ್ದು?"

"ನಾನೇ ಕಣೋ. ಬಾಯಿಂದ ಬಿದ್ದಿದ್ದು ಹಲ್ಲಲ್ವೇನೋ?" ಎಂದಳು ಅಮ್ಮ.

"ಅಕ್ಕಾ, ಟವೆಲ್ ಎತ್ತಿ ಬಿಸಾಕಿದೀಯಲ್ಲೇ! ಬರೋರಿಗೆ ಏನ್ ಹೇಳ್ಲಿ ನಾನು?"

ನಾನು ಬೇಡ ಬೇಡ ಎನ್ನುತ್ತಿದ್ದಂತೆಯೇ ಅರವತ್ತೊಂಬತ್ತರ ಮಾವ ಏಣಿ ಹಾಕಿ ಸೂರು ಹತ್ತಿದರು. (ಇದು ಡೈರಿಯಲ್ಲೂ ಇದೆ, 'ಬೇಡ' ಎಂಬುದಕ್ಕೆ ಕೆಳಗೆ ಗೆರೆಯನ್ನೂ ಎಳೆದಿದ್ದೇನೆ.) ಬೀದಿಯವರೆಲ್ಲ ನಮ್ಮ ಅಂಗಳದಲ್ಲಿ. ಮೇಲೆ ಮೂರು ಸಗಣಿ ಉಂಡೆ ಸಿಕ್ಕವು. ಮೊದಲನೆಯದನ್ನು ಒಡೆದರು, ಬರೀ ಸಗಣಿ. ಎರಡನೆಯದರಲ್ಲಿ ಒಂದು ಪುಟ್ಟ ಹಲ್ಲು, ಪಕ್ಕದ ಮನೆಯ ಹುಡುಗಿಯದಿರಬೇಕು. ಮಾವ ಅದನ್ನು ಜೋಪಾನವಾಗಿ ಮತ್ತೆ ಸಗಣಿಯೊಳಗೆ ಇಟ್ಟು, ಒತ್ತಿ, ಅದೇ ಹೆಂಚಿನ ಮೇಲೆ ಇಟ್ಟರು. "ಬೇರೆಯೋರ ಟಿಕೆಟ್ ಇದು. ನಾವು ಮುಟ್ಟಂಗಿಲ್ಲ."

ಮೂರನೆಯದು ತುದಿಯಲ್ಲಿತ್ತು. ಬಾಗಿದರು. ಉಂಗುರ ಸಿಕ್ಕ ಖುಷಿಯಲ್ಲಿ "ರೈ…" ಎಂದರು, "ಟ್" ಬರುವಷ್ಟರಲ್ಲಿ ಕಾಲ ಕೆಳಗಿನ ಹೆಂಚು ಪಟಾರೆಂದಿತು. ಅಡುಗೆಮನೆಗೆ ಓಡಿದೆವು. ಒಲೆಯ ಮೇಲುಗಡೆ, ಸೂರಿನಿಂದ ತೊಡೆಯವರೆಗೆ ಒಂದು ಕಾಲು ನೇತಾಡುತ್ತಿತ್ತು.

"ಲೇ ತಮ್ಮಾ, ನಿಂದೇನೋ ಈ ಕಾಲು?"

"ಇನ್ಯಾರ್ದು ಇರುತ್ತೆ! ಅಕ್ಕಾ, ಬೈಯೋದು ಆಮ್ಯಾಲೆ. ಮೊದ್ಲು ಮ್ಯಾಕೆ ತಳ್ಳು!"

ಮರುದಿನ ಮೊದಲ ಬಸ್ಸಿಗೇ ಹೊನ್ನಾಳಿ. ಮಾವ ಕುಂಟುತ್ತಿದ್ದರು, ಆದರೂ ಕೂರಲಿಲ್ಲ. ಚಿನ್ನಿ ದಾರಿಯುದ್ದಕ್ಕೂ ಒಂದು ಮಾತೂ ಆಡಲಿಲ್ಲ. ಯಾಕೆಂದು ನೋಡಿದರೆ ಮಾವನ ಅಪ್ಪಣೆ: ಟವೆಲ್ ವಾಪಸು ಕೂರುವವರೆಗೆ ನಾಲಿಗೆಯೇ ಟವೆಲ್, ಜಾಗದಿಂದ ಅಲ್ಲಾಡಿಸುವಂತಿಲ್ಲ! ಒಂದು ರಾತ್ರಿಗೆಲ್ಲ ಹಲ್ಲು ಸರಿಯುವುದಿಲ್ಲ ಅಜ್ಜಾರೆ ಎಂದು ಡಾಕ್ಟರು ಸಮಾಧಾನ ಹೇಳಿ, ಉಂಗುರವನ್ನು ತಿರುಗಿಸಿ ತಿರುಗಿಸಿ ನೋಡಿದರು.

"ಸದ್ಯ, ಬಗ್ಗಿಲ್ಲ. ಎಲ್ಲಿ ಬಿದ್ದಿತ್ತು?"

"ರೂಫಿನ ಮ್ಯಾಲೆ ಇತ್ರಿ" ಎಂದರು ಮಾವ.

"ಇದೇನು, ಹಸಿರು ಹಸಿರಾಗಿ…"

ನಾವು ನಾಲ್ವರೂ ನೆಲ ನೋಡುತ್ತಿದ್ದೆವು. ಡಾಕ್ಟರು ಅದನ್ನು ಎಷ್ಟು ಸಲ ತೊಳೆದು, ಎಷ್ಟು ಹೊತ್ತು ಯಂತ್ರದಲ್ಲಿ ಕುದಿಸಿ ಮತ್ತೆ ಅಂಟಿಸಿದರೋ ನನಗೆ ಲೆಕ್ಕ ಸಿಗಲಿಲ್ಲ.

ಹಲ್ಲಿನ ಜಾಗ ಉಳಿಯಿತು. ಮಾವನ ಮಂಡಿ ಹೋಯಿತು. ಅಲ್ಲಿಂದ ಮುಂದೆ ಬಸ್ಸಿನ ಜೊತೆ ಓಡುವುದು ನಿಂತಿತು. ಟವೆಲ್ ಎಸೆಯಲು ಹೋದರೆ ಕಿಟಕಿ ದಾಟಿ ಹೋಗಿರುತ್ತಿತ್ತು. ಹತ್ತುವ ಹೊತ್ತಿಗೆ ಎಲ್ಲ ಸೀಟೂ ಭರ್ತಿ. ಅವರಿಗೇನೂ ಬೇಸರವಿರಲಿಲ್ಲ, ಹೇಗೂ ನಿಲ್ಲುವವರು. ಆದರೆ ನಮಗೆ ಹಿಡಿಯಲಾಗುತ್ತಿಲ್ಲ ಎಂದು ಮುಖ ಸಣ್ಣದಾಗುತ್ತಿತ್ತು. ಚೆಕಿಂಗ್ ಮಾತ್ರ ಒಂದು ದಿನವೂ ತಪ್ಪಲಿಲ್ಲ. ಜ್ವರ ಬಂದು ವಾರ ಮಲಗಿದ್ದಾಗಲೂ ಚಿನ್ನಿಯೇ ಟಾರ್ಚು ತಂದು, ಹಾಸಿಗೆ ಪಕ್ಕ ಬಾಯಿ ತೆರೆದು ನಿಲ್ಲುತ್ತಿದ್ದಳು. "ಇನ್ನೂ ಬಂದಿಲ್ಲ" ಎಂದು ಮಾವ ಅಂದರೆ, "ಬರುತ್ತೆ ಬಿಡು ಅಜ್ಜ, ನೀನು ಇಳೀಬ್ಯಾಡ" ಎನ್ನುತ್ತಿದ್ದಳು.

ಕೊನೆಗೂ, ಅವಳಿಗೆ ಹತ್ತೂವರೆ ತುಂಬುವ ಹೊತ್ತಿಗೆ, ಒಂದು ಬೆಳಿಗ್ಗೆ ಟಾರ್ಚು ಬಹಳ ಹೊತ್ತು ಆರಲಿಲ್ಲ. ಕುಣಿಕೆಯ ನಡುವೆ ವಸಡು ಸೀಳಿಕೊಂಡು ಅಕ್ಕಿಕಾಳಿನಷ್ಟು ಬಿಳಿ.

"ಅಕ್ಕಾ, ಬಾ ಬಾ! ಸೀಟಿನೋರು ಬಂದ್ರು!" ಎಂದು ಮಾವ ಕೂಗಿದ್ದಕ್ಕೆ, ಅಮ್ಮ ಯಾರೋ ನೆಂಟರೆಂದು ಕಾಫಿಗೆ ಇಟ್ಟುಬಿಟ್ಟಳು.

ಹೊನ್ನಾಳಿಯಲ್ಲಿ ಡಾಕ್ಟರು ತಂತಿ ತೆಗೆದರು. ಹೊಸ ಹಲ್ಲು ನೆಟ್ಟಗೆ, ತನ್ನ ಜಾಗದಲ್ಲೇ ಬರುತ್ತಿದೆ ಎಂದರು. ಉಂಗುರವನ್ನು ಪುಟ್ಟ ಪೊಟ್ಟಣದಲ್ಲಿ ಕೊಟ್ಟಾಗ ಮಾವ ಅದನ್ನು ಖಾಲಿಯಿದ್ದ ಪೆಪ್ಪರ್‌ಮೆಂಟಿನ ಮೂಲೆಗೆ ಹಾಕಿ ಚೀಲದ ಗುಂಡಿ ಒತ್ತಿದರು. ಹೊರಗೆ ಬಂದವರು ಕೆಲಸವಿಲ್ಲದವರ ಹಾಗೆ ನಡೆಯುತ್ತಿದ್ದರು.

ಬಸ್‌ಸ್ಟ್ಯಾಂಡಿನಲ್ಲಿ ಸಂತೆಯ ದಿನದ ಜನ. ನ್ಯಾಮತಿ ಬಸ್ಸು ಒಳಗೆ ಬರುತ್ತಿದ್ದಂತೆ ಎಲ್ಲರೂ ನುಗ್ಗಿದರು. ನಾನು ಮಾವನ ತೋಳು ಹಿಡಿದುಕೊಂಡಿದ್ದೆ. ಚಿನ್ನಿ ನನ್ನ ಕೈ ಬಿಡಿಸಿಕೊಂಡದ್ದು ಗೊತ್ತಾಗಲಿಲ್ಲ. ನೋಡಿದರೆ ಮಾವನ ಹೆಗಲ ಮೇಲೆ ಟವೆಲ್ ಇರಲಿಲ್ಲ. ಆ ಕಡೆ ಜನರ ಕಾಲುಗಳ ನಡುವೆ ಎರಡು ಜಡೆ ಓಡುತ್ತಿದ್ದವು.

ನಾವು ಬಾಗಿಲ ಹತ್ತಿರ ತಲುಪುವಷ್ಟರಲ್ಲಿ ಒಳಗೆ ಜಗಳ ಹತ್ತಿತ್ತು.

"ಏ ಪಾಪು, ಯಾರೂ ಇಲ್ವಲ್ಲ, ಟವೆಲ್ ತೆಗಿಯಮ್ಮ" ಎಂದು ಯಾರೋ ದಪ್ಪ ದನಿಯವರು.

"ಬರ್ತಾರ್ರೀ. ಮಂಡಿನೋವು, ನಿಧಾನಕ್ಕೆ ಬರ್ತಾರೆ. ನೀವು ಈ ಕಡೆ ವಾಲಬ್ಯಾಡ್ರಿ!"

ಕಂಡಕ್ಟರ್ "ರೈಟ್" ಎಂದ. ಬಸ್ಸು ಒಮ್ಮೆ ಜಗ್ಗಿತು.

"ಹೋಲ್ಡಾನ್!"

ಆ ದನಿಗೆ ಡ್ರೈವರು ಬ್ರೇಕ್ ಹಾಕಿಯೇಬಿಟ್ಟ. ಮಾವ ಒಂದೊಂದೇ ಮೆಟ್ಟಿಲು ಹತ್ತಿದರು. ಮೂರನೆಯ ಸಾಲಿನಲ್ಲಿ, ಕಿಟಕಿ ಪಕ್ಕ, ಅವರದೇ ಕೆಂಪು ಅಂಚಿನ ಟವೆಲ್ ಉದ್ದಕ್ಕೆ ಹಾಸಿತ್ತು. ಚಿನ್ನಿ ಎರಡೂ ಕೈ ಚಾಚಿ ಅಡ್ಡ ನಿಂತಿದ್ದಳು.

"ಯಾರಿಗೆ ಹಿಡಿದೀಯವ್ವಾ ಸೀಟು?"

"ನಿಂಗೇ ಅಜ್ಜ. ಕೂತ್ಕೋ."

ಮಾವನ ಕೈ ಅಭ್ಯಾಸದಂತೆ ಮೇಲಿನ ಕಂಬಿಗೆ ಹೋಯಿತು. ಸ್ವಲ್ಪ ಹೊತ್ತು ಅಲ್ಲೇ ಇತ್ತು. ಆಮೇಲೆ ಕಂಬಿ ಬಿಟ್ಟು, ಟವೆಲ್ ಎತ್ತಿಕೊಂಡು, ಕೂತರು. ಟವೆಲ್ಲಿನಿಂದ ಮುಖದ ಬೆವರು ಒರೆಸಿಕೊಂಡರು. ಬಹಳ ಹೊತ್ತು ಒರೆಸಿಕೊಂಡರು ಎಂದು ನನ್ನ ನೆನಪು. ಅಷ್ಟು ಸೆಕೆಯೇನೂ ಇರಲಿಲ್ಲ ಎಂದೂ ನೆನಪು. ಆದರೆ ನನ್ನ ನೆನಪಿನ ಸಂಗತಿ ನಿಮಗೆ ಗೊತ್ತಲ್ಲ.

ಡೈರಿಯಲ್ಲಿ ಆ ದಿನದ ಕೆಳಗೆ ಇರುವುದು ಇಷ್ಟೇ: 'ಬಸ್ ರಷ್. ಮಾವ ಕೂತರು. ಚಿನ್ನಿ ನ್ಯಾಮತಿವರೆಗೂ ಅವರ ಪಕ್ಕ ನಿಂತೇ ಬಂದಳು.'